ಆ ನಾಯಿ ಈಗ ಎಲ್ಲಿದೆ?

ನಮ್ಮ ಬೀದಿಯಲ್ಲಿ ಕರಿಯ ಅಂತ ಒಂದು ನಾಯಿ ಇತ್ತು. ಯಾರದ್ದೂ ಅಲ್ಲ, ಎಲ್ಲರದ್ದು. ಬೆಳಿಗ್ಗೆ ಬೇಕರಿಯವರು ಹಾಕುವ ಬನ್ನು, ಮಧ್ಯಾಹ್ನ ಇಸ್ತ್ರಿ ಗಾಡಿಯ ನೆರಳು, ರಾತ್ರಿ ಎಟಿಎಂ ವಾಚ್‌ಮನ್ ಕುರ್ಚಿಯ ಕೆಳಗೆ ನಿದ್ದೆ. ಒಂದು ದಿನ ಬೈಕ್ ಗುದ್ದಿ ಅದರ ಹಿಂಗಾಲು ಮುರಿಯಿತು. ಯಾರೋ ವಿಡಿಯೊ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಒಂದೇ ಗಂಟೆಯಲ್ಲಿ ಇಬ್ಬರು ಹುಡುಗರು ವ್ಯಾನ್ ತಂದು, ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ಹೋದರು. ಕ್ಯೂಆರ್ ಕೋಡ್ ಕಳಿಸಿದರು. ನಾವು ಹತ್ತಾರು ಮನೆಯವರು ದುಡ್ಡು ಹಾಕಿದೆವು. ಮಾರನೇ ದಿನ ಬ್ಯಾಂಡೇಜು ಸುತ್ತಿದ ಕಾಲಿನ ಫೋಟೊ ಒಂದು ಬಂತು. ಅಷ್ಟೇ.

ತಿಂಗಳಾದ ಮೇಲೆ ಎದುರು ಮನೆಯ ಹುಡುಗಿ "ಕರಿಯ ಯಾವಾಗ ಬರ್ತಾನೆ ಅಂಕಲ್?" ಅಂತ ಕೇಳಿದಳು. ಆ ನಂಬರಿಗೆ ಫೋನ್ ಮಾಡಿದೆ. ಮೊದಲ ಸಲ "ಫಾಸ್ಟರ್ ಮನೇಲಿದೆ ಸರ್" ಅಂದರು. ಎರಡನೇ ಸಲ "ಅಡಾಪ್ಟ್ ಆಯ್ತು ಅನ್ಸುತ್ತೆ" ಅಂದರು. ಮೂರನೇ ಸಲ ಎತ್ತಲೇ ಇಲ್ಲ. ಅವರು ಮೋಸಗಾರರು ಅಂತ ನಾನು ಹೇಳುತ್ತಿಲ್ಲ. ನಾಯಿ ಎಲ್ಲಿದೆ ಅಂತ ಅವರಿಗೇ ಗೊತ್ತಿರಲಿಲ್ಲ ಅಂತ ಕಾಣುತ್ತದೆ. ನನಗೆ ಹೆಚ್ಚು ಕಾಡಿದ್ದು ಅದೇ.

ಈ ಪ್ರಶ್ನೆ ಈಗ ನಮ್ಮ ಬೀದಿಗಷ್ಟೇ ಸೇರಿದ್ದಲ್ಲ. 2025ರ ಆಗಸ್ಟ್‌ನಲ್ಲಿ ದೆಹಲಿಯ ಬೀದಿ ನಾಯಿಗಳ ಬಗ್ಗೆ ಸುಪ್ರೀಂ ಕೋರ್ಟ್ ಆದೇಶ ಬಂದಾಗಿನಿಂದ ಶೆಲ್ಟರ್, ರೆಸ್ಕ್ಯೂ, ಎಬಿಸಿ (ನಾಯಿಗಳ ಸಂತಾನ ನಿಯಂತ್ರಣ) ಅನ್ನುವ ಪದಗಳು ಟೀ ಅಂಗಡಿಯ ಮಾತಿಗೂ ಬಂದಿವೆ. ಸಾವಿರಾರು ನಾಯಿಗಳನ್ನು ಯಾರದೋ ಕೈಗೆ ಒಪ್ಪಿಸುವ ಮಾತು ನಡೆಯುತ್ತಿದೆ. ಹಾಗಾದರೆ ಆ ಕೈ ಎಂಥದ್ದು, ಅದಕ್ಕೆ ಲೆಕ್ಕ ಕೇಳುವವರು ಯಾರು ಅಂತ ತಿಳಿದಿರಬೇಕು ಅಲ್ವಾ?

ರೆಸ್ಕ್ಯೂ ಎಲ್ಲಿಂದ ಎಲ್ಲಿಯವರೆಗೆ?

ರೆಸ್ಕ್ಯೂ ಅಂದ ತಕ್ಷಣ ಕಣ್ಣ ಮುಂದೆ ಬರುವುದು ಬಾವಿಗೆ ಬಿದ್ದ ಪ್ರಾಣಿಯನ್ನು ಹಗ್ಗ ಹಾಕಿ ಮೇಲೆತ್ತುವ ದೃಶ್ಯ. ಅದು ಹತ್ತು ನಿಮಿಷದ ಕೆಲಸ. ನಿಜವಾದ ಕೆಲಸ ಶುರುವಾಗುವುದು ಆಮೇಲೆ. ಚಿಕಿತ್ಸೆ, ಬೇರೆ ಪ್ರಾಣಿಗಳಿಂದ ದೂರ ಇಟ್ಟು ಕಾಯಿಲೆ ನೋಡುವುದು, ಚೇತರಿಕೆ, ಕೊನೆಗೆ ಅದನ್ನು ಎಲ್ಲಿ ಬಿಡಬೇಕು, ಯಾರಿಗೆ ಕೊಡಬೇಕು, ಇಲ್ಲವೇ ಸಾಯುವ ತನಕ ಯಾರು ಸಾಕಬೇಕು ಅನ್ನುವ ತೀರ್ಮಾನ. ಮದುವೆ ಮಾಡಿಸಿದವರಿಗೂ ಸಂಸಾರ ಮಾಡುವವರಿಗೂ ಇರುವ ವ್ಯತ್ಯಾಸ ಇದು.

ಕರಡಿ ಕುಣಿತ ನೆನಪಿದೆಯಾ? ನಲವತ್ತು ದಾಟಿದವರಿಗೆ ಇದ್ದೇ ಇರುತ್ತದೆ. ಊರಿಗೆ ಕರಡಿಯವನು ಬಂದರೆ ಮಕ್ಕಳನ್ನು ಅದರ ಬೆನ್ನ ಮೇಲೆ ಕೂರಿಸುತ್ತಿದ್ದರು, ಭಯ ಹೋಗುತ್ತದೆ ಅಂತ. ಅದರ ಕೂದಲನ್ನು ತಾಯಿತದಲ್ಲಿ ಕಟ್ಟುತ್ತಿದ್ದರು. ಆ ಕರಡಿಯ ಹಿಂದಿನ ಕತೆ ನಮಗೆ ಗೊತ್ತಿರಲಿಲ್ಲ. ತಾಯಿಯನ್ನು ಕೊಂದು ಮರಿ ಕದಿಯುತ್ತಿದ್ದರು. ಕಾದ ಕಬ್ಬಿಣದಿಂದ ಮೂತಿ ಚುಚ್ಚಿ ಹಗ್ಗ ಪೋಣಿಸುತ್ತಿದ್ದರು. ಹಲ್ಲು ಮುರಿಯುತ್ತಿದ್ದರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಇದು ಅಪರಾಧ. ಆದರೂ ದಶಕಗಟ್ಟಲೆ ನಡೆಯಿತು.

ಯಾಕೆ ನಿಲ್ಲಲಿಲ್ಲ? ಕರಡಿಯನ್ನು ಕಿತ್ತುಕೊಂಡರೆ ಅದನ್ನು ನಂಬಿದ್ದ ಕಲಂದರ್, ಅಂದರೆ ಕರಡಿ ಕುಣಿಸುವ ಸಮುದಾಯದ ಕುಟುಂಬಕ್ಕೆ ಅನ್ನ ಇಲ್ಲ. ಆತ ಇನ್ನೊಂದು ಮರಿ ತರುತ್ತಾನೆ. ಅಂದರೆ ಒಂದು ಕರಡಿಯ ರೆಸ್ಕ್ಯೂ ಇನ್ನೊಂದು ತಾಯಿ ಕರಡಿಯ ಸಾವಿಗೆ ದಾರಿ. 1995ರಲ್ಲಿ ಶುರುವಾದ ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆ ಈ ಗಂಟನ್ನು ಬಿಚ್ಚಲು ಹೊರಟಾಗ ಕರಡಿಯ ಜೊತೆಗೆ ಕಲಂದರನನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಕರಡಿ ಒಪ್ಪಿಸಿದವನಿಗೆ ಬೇರೆ ಕಸುಬಿಗೆ ಬಂಡವಾಳ, ಮಕ್ಕಳಿಗೆ ಶಾಲೆ. ಅದಕ್ಕೆ ಬದಲಾಗಿ, ಇನ್ನು ಕರಡಿ ತರುವುದಿಲ್ಲ ಅಂತ ಬರೆದುಕೊಡಬೇಕು. 600ಕ್ಕೂ ಹೆಚ್ಚು ಕರಡಿಗಳು ಹೀಗೆ ಬಂದವು. ಕೊನೆಯದು ರಾಜು. 2009ರ ಡಿಸೆಂಬರ್‌ನಲ್ಲಿ, ನಮ್ಮ ಬೆಂಗಳೂರಿನಲ್ಲೇ. ಅದು ಸೇರಿದ್ದು ಬನ್ನೇರುಘಟ್ಟದ ಕರಡಿ ಕೇಂದ್ರಕ್ಕೆ.

ಹಲ್ಲಿಲ್ಲದ, ಮೂತಿ ಹರಿದ ಕರಡಿ ಕಾಡಿಗೆ ವಾಪಸ್ ಹೋಗಲಾರದು. ಬದುಕಿರುವಷ್ಟು ವರ್ಷ ಗಂಜಿ, ಹಣ್ಣು, ಔಷಧಿ, ನೋಡಿಕೊಳ್ಳುವ ಜನ, ಎಲ್ಲ ಬೇಕು. ಹಗ್ಗ ಬಿಚ್ಚಿದ ದಿನವೇ ಈ ಖರ್ಚಿಗೂ ಸಹಿ ಹಾಕಿದಂತೆ.

ಕಾನೂನೂ ಹೀಗೇ ನೋಡುತ್ತದೆ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ, ಪ್ರಾಣಿ ಯಾರ ವಶದಲ್ಲಿದೆಯೋ ಅದರ ಯೋಗಕ್ಷೇಮ ಅವರ ಹೊಣೆ. 'ಸಾಕಿದವರ ಹೊಣೆ' ಅಂತಲ್ಲ, ವಶದಲ್ಲಿ ಇಟ್ಟುಕೊಂಡವರ ಹೊಣೆ. 11ನೇ ಸೆಕ್ಷನ್ ಪ್ರಕಾರ ಸಾಕಷ್ಟು ಅನ್ನ ನೀರು ಕೊಡದಿರುವುದು, ಮಿಸುಕಾಡಲು ಜಾಗವಿಲ್ಲದ ಗೂಡಿನಲ್ಲಿಡುವುದು ಕ್ರೌರ್ಯ. ಕರಿಯನನ್ನು ವ್ಯಾನಿಗೆ ಹತ್ತಿಸಿದ ಕ್ಷಣದಿಂದ ಆ ಹುಡುಗರು ಈ ಸೆಕ್ಷನ್‌ಗಳ ಒಳಗೆ ಬಂದರು. ಒಳ್ಳೆಯ ಮನಸ್ಸಿನಿಂದ ಎತ್ತಿಕೊಂಡೆ ಅನ್ನುವುದು ಇಲ್ಲಿ ವಿನಾಯಿತಿ ಅಲ್ಲ. ದಂಡದ ಮೊತ್ತ ಕೇಳಿದರೆ ಮಾತ್ರ ನಗು ಬರುತ್ತದೆ. ಮೊದಲ ತಪ್ಪಿಗೆ 10ರಿಂದ 50 ರೂಪಾಯಿ. 1960ರಲ್ಲಿ ಬರೆದದ್ದು.

ಎತ್ತಿಕೊಳ್ಳುವ ಮೊದಲು

ಎಲ್ಲ ಪ್ರಾಣಿಗೂ ನಮ್ಮ ಸಹಾಯ ಬೇಕಿರುವುದಿಲ್ಲ. ಇದನ್ನು ಒಪ್ಪಿಕೊಳ್ಳುವುದು ಸ್ವಲ್ಪ ಕಷ್ಟ.

ಬೇಸಿಗೆಯಲ್ಲಿ ಬಾಲ್ಕನಿಯ ಕುಂಡದಲ್ಲಿ ಪಿಕಳಾರ ಗೂಡು ಕಟ್ಟುತ್ತದೆ. ಕೆಲವು ವಾರದಲ್ಲಿ ಮರಿ ನೆಲದಲ್ಲಿ ಕುಪ್ಪಳಿಸುತ್ತಾ ಕಾಣುತ್ತದೆ. ಅಯ್ಯೋ ಬಿದ್ದಿದೆ ಅಂತ ನಾವು ರಟ್ಟಿನ ಪೆಟ್ಟಿಗೆ ತರುತ್ತೇವೆ. ಮೈತುಂಬಾ ಪುಕ್ಕ ಬಂದು ಕುಪ್ಪಳಿಸುವ ಮರಿ ಬಿದ್ದದ್ದಲ್ಲ, ಹಾರಲು ಕಲಿಯುತ್ತಿರುವುದು. ತಾಯಿ ತಂದೆ ಹತ್ತಿರದ ಕೊಂಬೆಯಲ್ಲೇ ಕೂತು ಗುಟುಕು ಕೊಡಲು ನಾವು ದೂರ ಹೋಗುವುದನ್ನು ಕಾಯುತ್ತಿರುತ್ತವೆ. ಬೆಕ್ಕು ನಾಯಿ ಬರದಂತೆ ನೋಡಿಕೊಂಡರೆ ಸಾಕು. ಪುಕ್ಕವೇ ಬರದ ಎಳೆ ಮರಿ ಬಿದ್ದಿದ್ದರೆ ಗೂಡಿಗೆ ವಾಪಸ್ ಇಡಿ. ಮನುಷ್ಯ ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಅನ್ನುವುದು ಸುಮ್ನೆ ಮಾತು. ಬೆಕ್ಕಿನ ಮರಿಗಳದ್ದೂ ಇದೇ ಕತೆ. ತಾಯಿ ಜಾಗ ಬದಲಿಸುವಾಗ ಒಂದೊಂದಾಗಿ ಕಚ್ಚಿಕೊಂಡು ಹೋಗುತ್ತದೆ. ಉಳಿದ ಎರಡನ್ನು 'ಅನಾಥ' ಅಂತ ನಾವು ಎತ್ತಿಕೊಂಡರೆ, ತಾಯಿ ವಾಪಸ್ ಬಂದಾಗ ಮರಿಗಳೇ ಇರುವುದಿಲ್ಲ.

ಎತ್ತಿಕೊಂಡ ಮೇಲೆ ಮಾಡುವ ತಪ್ಪುಗಳೂ ಇವೆ. ಎಳೆ ಮರಿಗೆ ಹಸುವಿನ ಹಾಲು ಕುಡಿಸಿದರೆ ಭೇದಿ ಹಿಡಿದು ಒಣಗಿಹೋಗಬಹುದು. ಹಕ್ಕಿಯ ಬಾಯಿಗೆ ನೀರು ಬಿಟ್ಟರೆ ಅದು ಶ್ವಾಸಕ್ಕೆ ಇಳಿಯಬಹುದು. ಬೆಕ್ಕಿಗೆ ಜ್ವರ ಅಂತ ನಮ್ಮ ಪ್ಯಾರಸಿಟಮಾಲ್ ಮಾತ್ರೆ ಕೊಟ್ಟರೆ ಅದು ವಿಷ, ಒಂದೇ ಮಾತ್ರೆ ಕೊಲ್ಲಬಹುದು. ಮನೆಯಲ್ಲಿ ನೆಲ ಒರೆಸುವ ಫಿನಾಯಿಲ್ ಕೂಡ ಬೆಕ್ಕಿಗೆ ಆಗಿಬರುವುದಿಲ್ಲ.

ಕಾಡುಪ್ರಾಣಿಯ ಲೆಕ್ಕವೇ ಬೇರೆ

ನಾಯಿ, ಬೆಕ್ಕು, ದನಕ್ಕೆ ಒಂದು ಕಾನೂನು. ಹಾವು, ಗಿಳಿ, ಕೋತಿ, ಹದ್ದು, ಆಮೆಗೆ ಇನ್ನೊಂದು. ವನ್ಯಜೀವಿ ಕಾಯ್ದೆಯಲ್ಲಿ 'ಬೇಟೆ' ಪದದ ಅರ್ಥ ನಾವು ಅಂದುಕೊಂಡದ್ದಕ್ಕಿಂತ ದೊಡ್ಡದು. ಹಿಡಿಯುವುದೂ ಬೇಟೆಯೇ. ಗಾಯಗೊಂಡ ಕಾಡುಪ್ರಾಣಿ ನಿಮ್ಮ ಕೈಗೆ ಬಂದರೆ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅರಣ್ಯ ಇಲಾಖೆಯ ಅಧಿಕಾರಿಗೋ ತಿಳಿಸಬೇಕು. ಅದು ಸರ್ಕಾರದ ಸ್ವತ್ತು. ಗಾಳಿಪಟದ ಮಾಂಜಾಕ್ಕೆ ರೆಕ್ಕೆ ಕೊಯ್ದುಕೊಂಡ ಹದ್ದನ್ನು ಮನೆಯಲ್ಲಿಟ್ಟು ತಿಂಗಳುಗಟ್ಟಲೆ ಕೋಳಿ ತಿನ್ನಿಸುವುದು ಪ್ರೀತಿಯೇ ಇರಬಹುದು, ಕಾನೂನಿನಲ್ಲಿ ಅಕ್ರಮ. ನೈಲಾನ್ ಮಾಂಜಾವನ್ನು 2017ರಲ್ಲೇ ಹಸಿರು ನ್ಯಾಯಮಂಡಳಿ ದೇಶದಾದ್ಯಂತ ನಿಷೇಧಿಸಿದೆ. ಆದರೂ ಮರದಲ್ಲಿ ನೇತಾಡುವ ಹದ್ದುಗಳ ಕರೆ ಬರುತ್ತಲೇ ಇರುತ್ತದೆ. ಬೆಂಗಳೂರಿನವರಾದರೆ ಕೆಂಗೇರಿ ಕಡೆ ಪೀಪಲ್ ಫಾರ್ ಅನಿಮಲ್ಸ್‌ನ ವನ್ಯಜೀವಿ ಆಸ್ಪತ್ರೆ ಇದೆ. ಬೇರೆ ಊರುಗಳಲ್ಲಿ ಅರಣ್ಯ ಇಲಾಖೆಯೇ ಮೊದಲ ಬಾಗಿಲು.

ಕಾಡುಪ್ರಾಣಿಯ ವಿಷಯದಲ್ಲಿ ಜಾಸ್ತಿ ಎಡವುವುದು ಹಿಡಿಯುವಾಗ ಅಲ್ಲ, ಬಿಡುವಾಗ. ಮಲೆನಾಡಿನಲ್ಲಿ ಅಡಿಕೆ ತೋಟಕ್ಕೆ ಕಾಳಿಂಗ ಸರ್ಪ ಬಂತು ಅನ್ನಿ. ಹಾವು ಹಿಡಿಯುವವರು ಬರುತ್ತಾರೆ, ಊರೆಲ್ಲ ಸೇರುತ್ತದೆ, ಹೆಡೆಯೆತ್ತಿದ ಹಾವಿನ ಜೊತೆ ಫೋಟೊ ಆಗುತ್ತದೆ. ಆಮೇಲೆ ಚೀಲದಲ್ಲಿ ಹಾಕಿ ದೂರದ 'ದಟ್ಟ ಕಾಡಿಗೆ' ಬಿಟ್ಟು ಬರುತ್ತಾರೆ. ಎಲ್ಲರಿಗೂ ಸಮಾಧಾನ, ಹಾವಿಗೊಂದು ಬಿಟ್ಟು. ಕಾಳಿಂಗಕ್ಕೆ ತನ್ನದೇ ಓಡಾಟದ ಜಾಗ ಇದೆ. ಎಲ್ಲಿ ನೀರು, ಎಲ್ಲಿ ಬಿಲ, ಎಲ್ಲಿ ಕೇರೆಹಾವು ಸಿಗುತ್ತದೆ ಅಂತ ಗೊತ್ತು. ನಮ್ಮನ್ನು ರಾತ್ರೋರಾತ್ರಿ ಎತ್ತಿ ಗೊತ್ತಿಲ್ಲದ ಊರಿನ ಬಸ್‌ಸ್ಟ್ಯಾಂಡಿನಲ್ಲಿ ದುಡ್ಡು ಫೋನು ಇಲ್ಲದೆ ಇಳಿಸಿದರೆ ಹೇಗೋ ಹಾಗೆ. ಆಗುಂಬೆ ಸುತ್ತಮುತ್ತ ಕಾಳಿಂಗಗಳಿಗೆ ರೇಡಿಯೊ ಟ್ರಾನ್ಸ್‌ಮಿಟರ್ ಅಳವಡಿಸಿ ಹಿಂಬಾಲಿಸಿದಾಗ ಕಂಡದ್ದೂ ಇದೇ. ದೂರ ಒಯ್ದು ಬಿಟ್ಟ ಹಾವು ನೆಲೆ ನಿಲ್ಲದೆ ಅಲೆಯಿತು. ತನ್ನ ಜಾಗದಲ್ಲೇ ಉಳಿದ ಹಾವು ಹಾಗೆ ಮಾಡಲಿಲ್ಲ. ಹಾಗಾಗಿ ಜವಾಬ್ದಾರಿಯುತ ತಂಡಗಳು ಆದಷ್ಟು ಹತ್ತಿರದಲ್ಲೇ ಬಿಡುತ್ತವೆ. ಸಾಧ್ಯವಾದರೆ ಹಿಡಿಯುವುದೇ ಇಲ್ಲ, ಅದು ತಾನಾಗಿ ಹೋಗುವ ತನಕ ಮನೆಯವರಿಗೆ ಧೈರ್ಯ ಹೇಳುತ್ತಾ ಜೊತೆಗಿರುತ್ತವೆ. (ಅಂದಹಾಗೆ, ಪಶ್ಚಿಮ ಘಟ್ಟದ ಕಾಳಿಂಗ ಬೇರೆಯದೇ ಪ್ರಭೇದ ಅಂತ 2024ರಲ್ಲಿ ಗುರುತಿಸಲಾಯಿತು. ಅದಕ್ಕಿಟ್ಟ ವೈಜ್ಞಾನಿಕ ಹೆಸರಿನಲ್ಲೂ ನಮ್ಮ 'ಕಾಳಿಂಗ' ಇದೆ.)

ಚಿರತೆಯ ವಿಷಯದಲ್ಲಿ ಇದೇ ತಪ್ಪಿಗೆ ಮನುಷ್ಯರ ಜೀವವೇ ಬೆಲೆ ಆಯಿತು. ಮಹಾರಾಷ್ಟ್ರದ ಜುನ್ನರ್‌ನಲ್ಲಿ ಕಬ್ಬಿನ ಗದ್ದೆಗಳ ನಡುವೆ ಚಿರತೆಗಳು ಹಿಂದಿನಿಂದಲೂ ಇದ್ದವು. 2001ರಿಂದ ಅವನ್ನು ಬೋನಿಗೆ ಬೀಳಿಸಿ ಬೇರೆ ಕಡೆ ಬಿಡುವ ಕೆಲಸ ಜೋರಾಯಿತು. ಅಲ್ಲಿಯವರೆಗೆ ವರ್ಷಕ್ಕೆ ಸರಾಸರಿ 4 ಇದ್ದ ಮನುಷ್ಯರ ಮೇಲಿನ ದಾಳಿ 17ಕ್ಕೆ ಏರಿತು. ಇದನ್ನು ಅಧ್ಯಯನ ಮಾಡಿದವರು ವಿದ್ಯಾ ಆತ್ರೇಯ ಮತ್ತು ಸಂಗಡಿಗರು. ಊರಿನವರ ಬೇಡಿಕೆಯಂತೆಯೇ ಬೋನು ಇಟ್ಟರು, ಊರಿನವರಿಗೇ ತೊಂದರೆ ಆಯಿತು. ಮೈಸೂರು, ತುಮಕೂರು ಕಡೆ ಚಿರತೆ ಕಂಡ ತಕ್ಷಣ "ಹಿಡಿದು ದೂರ ಬಿಡಿ" ಅನ್ನುವಾಗ ಜುನ್ನರ್ ನೆನಪಿಗೆ ಬಂದರೆ ಒಳ್ಳೆಯದು.

ಬೀದಿ ನಾಯಿ: ಹಿಡಿದ ಜಾಗಕ್ಕೇ ವಾಪಸ್ ಯಾಕೆ?

ಎಬಿಸಿ ಅಂದರೆ ನಾಯಿಗಳ ಸಂತಾನ ನಿಯಂತ್ರಣ. ನಾಯಿ ಹಿಡಿದು, ಮರಿ ಆಗದಂತೆ ಆಪರೇಷನ್ ಮಾಡಿ, ರೇಬೀಸ್ ಲಸಿಕೆ ಹಾಕಿ, ಗುರುತಿಗೆ ಕಿವಿಯ ತುದಿ ಕತ್ತರಿಸಿ, ಹಿಡಿದ ಜಾಗದಲ್ಲೇ ಬಿಡುವುದು. 2001ರಲ್ಲಿ ಇದಕ್ಕೆ ನಿಯಮ ಬಂತು. 2023ರಲ್ಲಿ ಹೊಸ ನಿಯಮ ಅದರ ಜಾಗಕ್ಕೆ ಬಂತು.

ವಾಪಸ್ ಯಾಕೆ ಬಿಡಬೇಕು ಅಂತ ಬಹಳ ಜನ ಸಿಟ್ಟಾಗುತ್ತಾರೆ. ಬಡಾವಣೆಯಲ್ಲಿ ಖಾಲಿ ಸೈಟ್ ಬಿಟ್ಟರೆ ಏನಾಗುತ್ತದೆ? ವಾರದಲ್ಲಿ ಯಾರಾದರೂ ಕಸ ತಂದು ಸುರಿಯುತ್ತಾರೆ. ಬೀದಿಯೂ ಹಾಗೆ. ಕೋಳಿ ಅಂಗಡಿಯ ತ್ಯಾಜ್ಯ, ಹೋಟೆಲಿನ ಎಂಜಲು ಅಲ್ಲೇ ಇದ್ದು ನಾಯಿಗಳನ್ನು ಮಾತ್ರ ತೆಗೆದರೆ, ಪಕ್ಕದ ಬೀದಿಯಿಂದ ಲಸಿಕೆ ಆಗದ, ಆಪರೇಷನ್ ಆಗದ ನಾಯಿಗಳು ಬಂದು ತುಂಬುತ್ತವೆ. ಲಸಿಕೆ ಆದ ನಾಯಿ ಅಲ್ಲೇ ಇದ್ದರೆ ಆ ಜಾಗ ತುಂಬಿಯೇ ಇರುತ್ತದೆ. ಲೆಕ್ಕಾಚಾರ ಇದು. ನಾಯಿ ಕಚ್ಚಿಸಿಕೊಂಡವರಿಗೆ ಈ ಲೆಕ್ಕಾಚಾರ ಸಮಾಧಾನ ಕೊಡುವುದಿಲ್ಲ, ಅದೂ ನಿಜ.

ಕೋರ್ಟಿನಲ್ಲಿ ನಡೆದದ್ದು ಇಷ್ಟು. 2025ರ ಆಗಸ್ಟ್ 11ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠ ದೆಹಲಿ ಸುತ್ತಲಿನ ಬೀದಿ ನಾಯಿಗಳನ್ನೆಲ್ಲ ಶೆಲ್ಟರ್‌ಗೆ ಸೇರಿಸಲು ಹೇಳಿತು. ಆಗಸ್ಟ್ 22ರಂದು ಮೂವರ ಪೀಠ ಅದನ್ನು ಬದಲಿಸಿತು. ಆಪರೇಷನ್, ಲಸಿಕೆ ಆದ ನಾಯಿಗಳನ್ನು ಅದೇ ಜಾಗಕ್ಕೆ ಬಿಡಿ, ರೇಬೀಸ್ ಇರುವ ಅಥವಾ ಮೇಲೆ ಬೀಳುವ ನಾಯಿಗಳನ್ನು ಬಿಡಬೇಡಿ ಅಂದಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣ, ಕ್ರೀಡಾಂಗಣಗಳಿಂದ ಹಿಡಿದ ನಾಯಿಗಳನ್ನು ಅಲ್ಲಿಗೇ ವಾಪಸ್ ಬಿಡದೆ ಶೆಲ್ಟರ್‌ನಲ್ಲಿ ಇಡಬೇಕು ಅಂತ ಆದೇಶವಾಯಿತು. ನೀವು ಇದನ್ನು ಓದುವ ಹೊತ್ತಿಗೆ ಮತ್ತೊಂದು ಆದೇಶ ಬಂದಿದ್ದರೂ ಆಶ್ಚರ್ಯವಿಲ್ಲ.

2023ರ ನಿಯಮದಲ್ಲಿ ನನಗೆ ಹಿಡಿಸಿದ್ದು ಅದರ ಲೆಕ್ಕ ಇಡುವ ರೀತಿ. ಎಬಿಸಿ ಮಾಡುವ ಸಂಸ್ಥೆಗೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಬೇಕು. ಯಾವ ನಾಯಿಯನ್ನು ಎಲ್ಲಿ, ಯಾವತ್ತು ಹಿಡಿದರು ಅಂತ ಬರೆಯಬೇಕು. ನಾಯಿಗೊಂದು ನಂಬರ್ ಇರಬೇಕು. ಆಪರೇಷನ್ ಆದ ಮೇಲೂ ಕೆಲವು ದಿನ ಇಟ್ಟುಕೊಂಡು ಗಾಯ ನೋಡಬೇಕು. ತೆಗೆದ ಅಂಗಗಳನ್ನು ಎಸೆಯದೆ ಇಟ್ಟು, ಸಮಿತಿಯವರ ಮುಂದೆ ಎಣಿಸಿ, ಆಮೇಲೆ ಸುಡಬೇಕು. ಕೇಳಲು ಅಸಹ್ಯ, ಆದರೆ ಕಾರಣ ಸರಳ. ಪಾಲಿಕೆ ನಾಯಿಗಿಷ್ಟು ಅಂತ ದುಡ್ಡು ಕೊಡುತ್ತದೆ. ನೂರು ಆಪರೇಷನ್ ಬಿಲ್ ಮಾಡಿ ಐವತ್ತು ಮಾಡಿದರೆ ಹೇಗೆ ಗೊತ್ತಾಗಬೇಕು? ಎಣಿಸಿದರೆ ಗೊತ್ತಾಗುತ್ತದೆ.

ಶೆಲ್ಟರ್ ಅನ್ನುವ ಬಸ್ಸು

ನಮ್ಮ ಬಸ್ ಕಂಡಕ್ಟರು ಯಾವತ್ತೂ "ಜಾಗ ಇಲ್ಲ" ಅನ್ನುವುದಿಲ್ಲ. "ಒಳಗೆ ನಡೀರಿ, ಒಳಗೆ ನಡೀರಿ" ಅಷ್ಟೇ. ಬಹಳ ಶೆಲ್ಟರ್‌ಗಳು ಹಾಗೇ ನಡೆಯುತ್ತವೆ. ಬಾಗಿಲಿಗೆ ಬಂದ ಗಾಯದ ನಾಯಿಯನ್ನು ಬೇಡ ಅನ್ನಲು ಯಾರಿಗೆ ಮನಸ್ಸು ಬರುತ್ತದೆ? ಆದರೆ ಬಸ್ಸಿನಲ್ಲಿ ಬೆವರಿ ಇಳಿದು ಹೋಗಬಹುದು, ಶೆಲ್ಟರ್‌ನಲ್ಲಿ ಇಳಿಯುವ ಸ್ಟಾಪ್ ಇಲ್ಲ.

ಒಂದು ಶೆಲ್ಟರ್‌ಗೆ ಎಷ್ಟು ಪ್ರಾಣಿ ಹಿಡಿಸುತ್ತದೆ ಅಂತ ಹೇಗೆ ಹೇಳುವುದು? ಜಾಗ ಅಳೆದು ಅಲ್ಲ, ಕೈ ಎಣಿಸಿ. ಅಮೆರಿಕದ ಶೆಲ್ಟರ್‌ಗಳಲ್ಲಿ ಬಳಸುವ ಒಂದು ಅಂದಾಜಿನ ಪ್ರಕಾರ ಊಟ ಹಾಕಲು, ಗೂಡು ತೊಳೆಯಲು ಪ್ರಾಣಿಗೆ ದಿನಕ್ಕೆ ಕನಿಷ್ಠ 15 ನಿಮಿಷ ಬೇಕು. ನೂರು ನಾಯಿ ಅಂದರೆ 25 ಗಂಟೆ. ಅಂದರೆ ಎಂಟು ಗಂಟೆ ದುಡಿಯುವ ಮೂರು ಜನ ಇದ್ದರೂ ಸ್ವಲ್ಪ ಸಾಲದು. ರಜೆ ಇಲ್ಲ, ಭಾನುವಾರ ಇಲ್ಲ. ಇದರಲ್ಲಿ ಔಷಧಿ, ಡ್ರೆಸ್ಸಿಂಗ್, ತಲೆ ಸವರುವುದು ಸೇರಿಲ್ಲ. 2023ರ ಗಣತಿಯಲ್ಲಿ ಬೆಂಗಳೂರಿನ ಬೀದಿ ನಾಯಿಗಳು ಸುಮಾರು 2.79 ಲಕ್ಷ. ಎಲ್ಲವನ್ನೂ ಶೆಲ್ಟರ್‌ಗೆ ಹಾಕಿ ಅನ್ನುವವರು ಇದೇ ಲೆಕ್ಕ ಮಾಡಿ ನೋಡಬಹುದು. ಊಟ ಹಾಕಿ ತೊಳೆಯುವುದಕ್ಕೇ ದಿನಾ ಸುಮಾರು 8,700 ಜನ.

ತುಂಬಿ ತುಳುಕುವ ಶೆಲ್ಟರ್‌ನ ಮೊದಲ ಶತ್ರು ಪಾರ್ವೊ. ಮರಿಗಳ ಕರುಳು ಹಿಡಿಯುವ ವೈರಸ್. ರಕ್ತಭೇದಿ, ವಾಂತಿ, ಕೆಲವೇ ದಿನಗಳಲ್ಲಿ ಸಾವು. ಈ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಫಿನಾಯಿಲ್ ಹಾಕಿ ತೊಳೆದರೆ ಜಗ್ಗುವುದಿಲ್ಲ, ಬ್ಲೀಚ್ ಬೇಕು. ಹೊಸದಾಗಿ ಬಂದ ಮರಿ ನೋಡಲು ಚೆನ್ನಾಗಿಯೇ ಇದ್ದು, ಒಳಗೆ ಸೋಂಕು ಇಟ್ಟುಕೊಂಡಿರಬಹುದು. ಅದಕ್ಕೇ ಬಂದ ಪ್ರಾಣಿಯನ್ನು ಮೊದಲ ಎರಡು ವಾರವಾದರೂ ಬೇರೆ ಇಡಬೇಕು. ಬೇರೆ ಗೂಡು, ಬೇರೆ ಬಟ್ಟಲು, ಬೇರೆ ಚಪ್ಪಲಿ ಕೂಡ. ಹೀಗೆ ಇಡಲು ಜಾಗವಿಲ್ಲದ ಶೆಲ್ಟರ್ ಒಂದು ಮರಿ ಉಳಿಸಲು ಹೋಗಿ ಇಪ್ಪತ್ತು ಮರಿ ಕಳೆದುಕೊಳ್ಳುತ್ತದೆ.

ಪ್ರಾಣಿಗೆ ಕನಿಷ್ಠ ಏನು ಬೇಕು ಅನ್ನುವುದಕ್ಕೆ ಜಗತ್ತಿನಲ್ಲಿ ಒಂದು ಅಳತೆ ಇದೆ. ಐದು ಸ್ವಾತಂತ್ರ್ಯಗಳು ಅನ್ನುತ್ತಾರೆ. ಹಸಿವು ಬಾಯಾರಿಕೆ ಇರಬಾರದು. ಮಲಗಲು ನೆಮ್ಮದಿಯ ಜಾಗ ಬೇಕು. ನೋವು ಕಾಯಿಲೆಗೆ ಚಿಕಿತ್ಸೆ ಸಿಗಬೇಕು. ಭಯದಲ್ಲಿ ಬದುಕಬಾರದು. ತನ್ನ ಜಾತಿಗೆ ಸಹಜವಾದ ರೀತಿಯಲ್ಲಿ ನಡೆದುಕೊಳ್ಳಲು ಆಗಬೇಕು. 1965ರಲ್ಲಿ ಬ್ರಿಟನ್ನಿನಲ್ಲಿ ಸಾಕುಪ್ರಾಣಿ ಫಾರ್ಮ್‌ಗಳ ಬಗ್ಗೆ ಬಂದ ವರದಿಯೊಂದು ಇದರ ಮೂಲ. 2014ರಲ್ಲಿ ಜಲ್ಲಿಕಟ್ಟು ತೀರ್ಪಿನಲ್ಲಿ ನಮ್ಮ ಸುಪ್ರೀಂ ಕೋರ್ಟ್ ಇದನ್ನು ಎತ್ತಿ ಹೇಳಿತು. ಕಂಬಳದ ಗಲಾಟೆಯ ದಿನಗಳಲ್ಲಿ ಆ ತೀರ್ಪಿನ ಹೆಸರು ಕರಾವಳಿಯವರೆಲ್ಲ ಕೇಳಿದ್ದರು. ಎರಡಡಿ ಪಂಜರದಲ್ಲಿ ವರ್ಷಗಟ್ಟಲೆ ಕೂತ ನಾಯಿಗೆ ಊಟ ಸಿಗುತ್ತಿರಬಹುದು. ಐದರಲ್ಲಿ ಒಂದು ಸಿಕ್ಕಂತೆ.

ಕೆಲವೊಮ್ಮೆ ಇದು ಒಬ್ಬರ ಮನೆಯಲ್ಲೇ ನಡೆಯುತ್ತದೆ. ಹತ್ತು ನಾಯಿ ಇದ್ದದ್ದು ಇಪ್ಪತ್ತಾಗಿ, ಅರವತ್ತಾಗಿ, ದುರ್ನಾತ ಬಂದು, ಅಕ್ಕಪಕ್ಕದವರ ಜೊತೆ ಜಗಳವಾಗಿ, ಆದರೂ ಆ ಮನೆಯವರು ಒಂದನ್ನೂ ಯಾರಿಗೂ ಕೊಡುವುದಿಲ್ಲ. "ನನ್ನ ಹಾಗೆ ಯಾರೂ ನೋಡಿಕೊಳ್ಳಲ್ಲ" ಅನ್ನುತ್ತಾರೆ. ಪ್ರಾಣಿಗಳನ್ನು ಕೂಡಿಹಾಕುವ ಈ ಪ್ರವೃತ್ತಿಯನ್ನು ಮಾನಸಿಕ ಆರೋಗ್ಯದ ಸಮಸ್ಯೆಯಾಗಿಯೂ ನೋಡುತ್ತಾರೆ. ಅವರಿಗೆ ಬೈಗುಳ ಬೇಡ, ಸಹಾಯ ಬೇಕು. ಆ ಅಡ್ರೆಸ್ಸಿಗೆ ಇನ್ನೂ ಒಂದು ಮರಿ ತಂದು ಬಿಟ್ಟು ಕೈ ತೊಳೆದುಕೊಳ್ಳುವ ನಮ್ಮ ಪಾಲೂ ಅದರಲ್ಲಿದೆ.

ಮತ್ತೆ ದಯಾಮರಣ. ಯಾರಿಗೂ ಇದರ ಮಾತು ಬೇಡ. ವಾಸಿಯಾಗದ ಕಾಯಿಲೆ ಅಥವಾ ಬದುಕಲಾರದಷ್ಟು ಗಾಯ ಇರುವ ನಾಯಿಗೆ ಪಶುವೈದ್ಯರು ಪೆಂಟೊಬಾರ್ಬಿಟಾಲ್ ಚುಚ್ಚುಮದ್ದಿನಿಂದ ನೋವಿಲ್ಲದ ಸಾವು ಕೊಡಲು ಎಬಿಸಿ ನಿಯಮದಲ್ಲಿ ಅವಕಾಶವಿದೆ. ಬೆನ್ನುಹುರಿ ಮುರಿದ ಎಲ್ಲ ನಾಯಿಗೂ ಅದೇ ದಾರಿ ಅಂತಲ್ಲ. ಗಾಲಿ ಕಟ್ಟಿಕೊಂಡು ಖುಷಿಯಾಗಿ ಓಡುವ ನಾಯಿಗಳನ್ನು ನಾನೇ ನೋಡಿದ್ದೇನೆ. ಆದರೆ "ನಾವು ಯಾವ ಪ್ರಾಣಿಗೂ ದಯಾಮರಣ ಕೊಡಲ್ಲ" ಅಂತ ಹೆಮ್ಮೆಯಿಂದ ಹೇಳುವ ಕಡೆ, ಹಾಗಾದರೆ ನರಳುವ ಪ್ರಾಣಿಗೆ ಏನು ಮಾಡುತ್ತೀರಿ ಅಂತ ಕೇಳಬೇಕಾಗುತ್ತದೆ.

ದುಡ್ಡು ಮತ್ತು ವಿಡಿಯೊ

ರೆಸ್ಕ್ಯೂಗೆ ದುಡ್ಡು ಬೇಕು. ಬರುವುದು ನಮ್ಮ ಜೇಬಿನಿಂದ. ನೋಂದಾಯಿತ ಟ್ರಸ್ಟ್ ಅಥವಾ ಸೊಸೈಟಿಗೆ ಕೊಟ್ಟರೆ ರಸೀದಿ ಸಿಗುತ್ತದೆ. ಅವರು ಆದಾಯ ತೆರಿಗೆ ಇಲಾಖೆಗೆ ವರ್ಷದ ಲೆಕ್ಕ ಕೊಡಬೇಕು. 80ಜಿ ಮಾನ್ಯತೆ ಇದ್ದರೆ ಹಳೆಯ ತೆರಿಗೆ ಪದ್ಧತಿಯವರಿಗೆ ರಿಯಾಯಿತಿಯೂ ಉಂಟು. ವಿದೇಶದಿಂದ ದುಡ್ಡು ತೆಗೆದುಕೊಳ್ಳಲು ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ ಅನುಮತಿ ಬೇಕು. ಅಮೆರಿಕ, ದುಬೈನಲ್ಲಿರುವ ಬೇರೆ ದೇಶದ ಪಾಸ್‌ಪೋರ್ಟಿನ ಕನ್ನಡಿಗರು ಊರಿನ ಗೋಶಾಲೆಗೋ ನಾಯಿ ಶೆಲ್ಟರ್‌ಗೋ ಕಳಿಸುವ ಹಣಕ್ಕೂ ಇದು ಅನ್ವಯಿಸುತ್ತದೆ.

ಆದರೆ ಈಗ ಜಾಸ್ತಿ ದುಡ್ಡು ಹೋಗುವುದು ಒಬ್ಬೊಬ್ಬ ವ್ಯಕ್ತಿಯ ಯುಪಿಐಗೆ. ಅದರಲ್ಲಿ ಬಹಳ ಜನ ಪ್ರಾಮಾಣಿಕರು, ತಮ್ಮ ಸಂಬಳವನ್ನೂ ಹಾಕಿ ಸಾಲ ಮಾಡಿಕೊಂಡವರು. ಅವರಿಗೂ ನಮಗೂ ಒಳ್ಳೆಯದಾಗುವ ಒಂದು ಸುಲಭ ದಾರಿ ಇದೆ. ದುಡ್ಡನ್ನು ನೇರ ಪಶುವೈದ್ಯರ ಕ್ಲಿನಿಕ್ಕಿನ ಖಾತೆಗೇ ಹಾಕುವುದು, ಬಿಲ್ಲಿನಲ್ಲಿ ಪ್ರಾಣಿಯ ಹೆಸರು ಅಥವಾ ನಂಬರ್ ಇರುವಂತೆ ಕೇಳುವುದು.

ಇನ್ನೊಂದು ಕೆಟ್ಟ ಜಾತಿಯೂ ಇದೆ. ಮರಿಯನ್ನು ತಾವೇ ಕೆಸರಿಗೆ ಹಾಕಿ, ಹೆಬ್ಬಾವಿನ ಹತ್ತಿರ ಬಿಟ್ಟು, ಕೊನೇ ಕ್ಷಣದಲ್ಲಿ 'ಕಾಪಾಡುವ' ವಿಡಿಯೊಗಳು. ಜಗತ್ತಿನಾದ್ಯಂತ ಇದೊಂದು ದಂಧೆ. ಇಂಥ ನಾಟಕದ ರೆಸ್ಕ್ಯೂಗಳನ್ನು ನಿಷೇಧಿಸುತ್ತೇವೆ ಅಂತ ಯೂಟ್ಯೂಬ್ 2021ರಲ್ಲೇ ಹೇಳಿತು, ಆದರೂ ಬರುತ್ತಲೇ ಇವೆ. ಗುರುತು ಹಿಡಿಯುವುದು ಕಷ್ಟವಲ್ಲ. ಅಪಾಯ ಬರುವ ಮೊದಲೇ ಕ್ಯಾಮೆರಾ ಆನ್ ಆಗಿರುತ್ತದೆ. ಒಂದೇ ಚಾನೆಲ್ಲಿಗೆ ವಾರಕ್ಕೆ ಮೂರು ಸಲ ಹಾವಿನ ಬಾಯಿಗೆ ಸಿಕ್ಕ ಮರಿ ಸಿಗುತ್ತದೆ. ಆಸ್ಪತ್ರೆ, ಡಾಕ್ಟರು ಎಲ್ಲೂ ಕಾಣುವುದಿಲ್ಲ. ಬೈಯಲು ಶೇರ್ ಮಾಡಿದರೂ ಅವರಿಗೆ ವ್ಯೂಸ್ ಸಿಗುತ್ತದೆ. ರಿಪೋರ್ಟ್ ಮಾಡಿ ಮುಂದೆ ಹೋಗುವುದೇ ಸರಿ.

ಒಂದು ದಪ್ಪ ನೋಟ್‌ಬುಕ್

ಲೆಕ್ಕ ಕೇಳಲು ಕಚೇರಿಗಳಿವೆ. ಪ್ರತಿ ಜಿಲ್ಲೆಗೂ ಪ್ರಾಣಿ ದಯಾ ಸಂಘ, ಅಂದರೆ ಎಸ್‌ಪಿಸಿಎ ಇರಬೇಕು ಅಂತ 2001ರ ನಿಯಮವೊಂದು ಹೇಳುತ್ತದೆ. ಎಬಿಸಿಗೆ ಪಾಲಿಕೆಯ ಮಟ್ಟದಲ್ಲಿ ಉಸ್ತುವಾರಿ ಸಮಿತಿ ಇದೆ. ಪ್ರಾಣಿಯನ್ನು ಕೊಂದರೆ, ಅಂಗಹೀನ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಅಡಿ ಐದು ವರ್ಷದವರೆಗೆ ಜೈಲು. ಇವೆಲ್ಲ ದೊಡ್ಡ ತಪ್ಪು ನಡೆದ ಮೇಲಿನ ಮಾತು. ದಿನನಿತ್ಯದ ಲೆಕ್ಕಕ್ಕೆ ಬೇಕಾದದ್ದು ಇನ್ನೂ ಚಿಕ್ಕದು.

ಕರಿಯನ ವಿಷಯ ಆದ ಮೇಲೆ ಒಂದು ಚಿಕ್ಕ ಶೆಲ್ಟರ್‌ಗೆ ಹೋಗಿದ್ದೆ. ಊರಾಚೆ, ತಗಡಿನ ಶೀಟು, ನಲವತ್ತು ನಾಯಿ. ನಡೆಸುವ ಅಮ್ಮ ನನ್ನನ್ನು ಒಳಗೆ ಬಿಡಲಿಲ್ಲ. ಹೊಸ ಮರಿಗಳಿವೆ, ನಿಮ್ಮ ಚಪ್ಪಲಿಯಲ್ಲಿ ಏನಿದೆಯೋ ಅಂದರು. ನನಗೆ ಅದೇ ಇಷ್ಟವಾಯಿತು. ದಾಖಲೆ ಇದೆಯಾ ಅಂತ ಕೇಳಿದ್ದಕ್ಕೆ ದಪ್ಪ ಲಾಂಗ್ ನೋಟ್‌ಬುಕ್ ತಂದು ಗೇಟಿನ ಮೇಲೆ ಇಟ್ಟರು. ನಂಬರು, ಬಣ್ಣ, ಎಲ್ಲಿಂದ ಬಂತು, ಯಾರು ಫೋನ್ ಮಾಡಿದರು, ರೇಬೀಸ್ ಲಸಿಕೆ ಯಾವತ್ತು, ಆಪರೇಷನ್ ಯಾವತ್ತು. ಕೊನೆಯ ಕಾಲಂ: 'ಏನಾಯಿತು'. ಅದೇ ಜಾಗಕ್ಕೆ ಬಿಟ್ಟಿದ್ದೇವೆ. ದತ್ತು, ಮನೆ ನೋಡಿ ಬಂದಿದ್ದೇವೆ. ದತ್ತು ಕೊಟ್ಟು ಎರಡು ತಿಂಗಳಿಗೆ ವಾಪಸ್ ಬಂತು, ಮಾಲೀಕರಿಗೆ ಟ್ರಾನ್ಸ್‌ಫರ್. ಸತ್ತಿತು, ಡಿಸ್ಟೆಂಪರ್. ಸತ್ತಿತು, ಕಾರಣ ಗೊತ್ತಾಗಲಿಲ್ಲ.

"ಸತ್ತದ್ದನ್ನೂ ಬರೀತೀರಾ ಅಮ್ಮ?" ಅಂದೆ.

"ಬರೀದಿದ್ರೆ ಎಷ್ಟು ಸತ್ತವು ಅಂತ ನಂಗೆ ಹೆಂಗೆ ಗೊತ್ತಾಗುತ್ತೆ?" ಅಂದರು. ಕಳೆದ ಮಳೆಗಾಲ ಜಾಸ್ತಿ ಮರಿಗಳು ಹೋದದ್ದು ಪುಸ್ತಕ ನೋಡಿದಾಗಲೇ ತಿಳಿಯಿತಂತೆ. ಎಲ್ಲವೂ ಒಂದೇ ಮೂಲೆಯ ಗೂಡಿನವು. ಆ ಗೂಡನ್ನು ಒಡೆಸಿ ಹಾಕಿದರಂತೆ.

ಹೊರಡುವಾಗ ನನ್ನ ಕೈ ನೋಡಿ, "ನೀವು ನಾಯಿ ಮುಟ್ತೀರಲ್ಲ, ರೇಬೀಸ್ ಇಂಜೆಕ್ಷನ್ ಮೊದಲೇ ಹಾಕಿಸಿಕೊಂಡಿದೀರಾ?" ಅಂತ ಕೇಳಿದರು. ಕಚ್ಚುವ ಮೊದಲೇ ಹಾಕಿಸಿಕೊಳ್ಳಬಹುದು ಅಂತ ನನಗೆ ಗೊತ್ತಿರಲಿಲ್ಲ. ಅವರ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಕೆಲಸದ ಹುಡುಗರ ಹೆಸರು, ಅವ್ರವ್ರ ಇಂಜೆಕ್ಷನ್ ತಾರೀಖು ಇತ್ತು.